ನಾಲ್ಕನೇ ನಂಬರು

ನಿಧಾನ. ಬಲಗಾಲು ಮೊದಲು. ದೋಣಿಗೆ ಅವಸರ ಆಗುವುದಿಲ್ಲ.
ಚಪ್ಪಲಿ ಕೈಯಲ್ಲಿರಲಿ, ಮೊಬೈಲು ಎದೆಯ ಕಿಸೆಯಲ್ಲಿ.
ಶಿರಿಯ ಹೊಳೆ ಇಲ್ಲಿ ಪೂರಾ ಹೊಳೆಯಲ್ಲ, ಪೂರಾ ಕಡಲೂ ಅಲ್ಲ,
ಬೆಳಗ್ಗೆ ಒಂದು ರುಚಿ, ಬೈಗಿಗೆ ಇನ್ನೊಂದು.
ಅಗೋ, ಅದೇ ಮುಳಿಕುದುರು.
ಇಪ್ಪತ್ತೆರಡು ಮನೆ, ಒಂದು ಸ್ರಾಂಬಿ, ಒಂದು ಬನ,
ಜಾನಕಿಯಕ್ಕನ ಅಂಗಡಿ. ನಾಯಿಗಳು ಲೆಕ್ಕಕ್ಕಿಲ್ಲ.

ದಡದಲ್ಲಿ ಬೋರ್ಡು ಉಂಟು, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ:
ನೋಡತಕ್ಕ ಜಾಗ ಏಳು.
ಕನ್ನಡ ಎಲ್ಲಿ ಎಂದು ಕೇಳಬೇಡಿ.
ಕನ್ನಡಕ್ಕೆ ನಾನಿದ್ದೇನೆ, ಟಿಕೇಟಿನಲ್ಲೇ ಸೇರಿದೆ.

ಒಂದನೆಯದು ಬಾವಿ. ಸುತ್ತ ಉಪ್ಪು, ನಡುವೆ ಇದೊಂದೇ ಸಿಹಿ.
ಯಾವ ರಾಜ ತೋಡಿಸಿದ್ದು ಎಂದು ಕಳೆದ ವಾರ ಒಬ್ಬರು ಕೇಳಿದರು.
ರಾಜ ಅಲ್ಲ ಮಾರಾಯ್ರೆ, ಬೀಪಾತುಮ್ಮ.
ಐದು ಸಲ ತೋಡಿಸಿ ಐದು ಸಲವೂ ಉಪ್ಪು ಕುಡಿದು
ಆರನೆಯದಕ್ಕೆ ಕಿವಿಯ ಅಲಿಕತ್ತು ಮಾರಿದವಳು.
ಸಿಹಿ ಬಂದ ದಿನ ಮೊದಲ ಕೊಡ ಯಾರಿಗೂ ಕೊಡಲಿಲ್ಲ,
ತಲೆಗೆ ಹೊಯ್ದುಕೊಂಡಳು, ಉಟ್ಟ ಬಟ್ಟೆ ಸಮೇತ.
ಕುಡಿಯಿರಿ, ಹಗ್ಗ ಗಟ್ಟಿ ಉಂಟು.

ಈಗ ಪುನಃ ದೋಣಿಗೆ.
ಎರಡು, ಕಾಂಡ್ಲಾ ಕಾಡು. ಬೇರುಗಳು ಕೆಸರಿನಿಂದ ಕತ್ತು ಉದ್ದ ಮಾಡಿ
ಸಭೆಗೆ ತಡವಾಗಿ ಬಂದವರ ಹಾಗೆ ನಿಂತಿವೆ.
ಮೂರು, ಸೂರ್ಯಾಸ್ತ. ಅದು ಆರೂಮುಕ್ಕಾಲಿಗೆ,
ಸದ್ಯಕ್ಕೆ ಬೆಂಚು ನೋಡಿ.

ನಾಲ್ಕು.
ನಾಲ್ಕು ಇಲ್ಲಿಯೇ. ಹುಟ್ಟು ನಿಲ್ಲಿಸಿದ್ದೇನೆ.
ಬಲಕ್ಕೆ ಅಲ್ಲ, ಎಡಕ್ಕೂ ಅಲ್ಲ, ಕೆಳಗೆ.
ಹೌದು, ನೀರು.
ಬೋರ್ಡು ಬರೆದ ವರ್ಷ ಇದು ತೆಂಗಿನ ತೋಪು, ಎಂಬತ್ತು ಮರ,
ಮರಗಳ ನಡುವೆ ನಮ್ಮ ವಾಲಿಬಾಲ್ ಅಂಗಳ.
ಆ ಬೆಳ್ಳಕ್ಕಿ ಕೂತಿದೆಯಲ್ಲ, ಅದು ನೆಟ್ಟಿನ ಕಂಬ.
ಫೋಟೋ ತೆಗೆಯಿರಿ, ಅದು ಹಾರುವುದಿಲ್ಲ, ಅಭ್ಯಾಸವಾಗಿದೆ.

ಮೊಗ್ರಾಲಿನಿಂದ, ಉಪ್ಪಳದಿಂದ ತಂಡಗಳು ಬರುತ್ತಿದ್ದವು,
ದೋಣಿಯಲ್ಲಿ ನಿಂತೇ ಕೈ ಬಿಸಿ ಮಾಡುತ್ತಾ.
ಲೆಕ್ಕ ಇಂಗ್ಲಿಷಿನಲ್ಲಿ, ಜಗಳ ಮಲಯಾಳದಲ್ಲಿ, ಗೆದ್ದರೆ ತುಳು.
ಸೋತದ್ದನ್ನು ಮನೆಯಲ್ಲಿ ಹೇಳುವಾಗ ಮಾತ್ರ
ಯಾವ ಭಾಷೆಯೂ ಬಾಯಿಗೆ ಬರುತ್ತಿರಲಿಲ್ಲ.

ಕೊನೆಯ ಆಟ ಉಪ್ಪಳದ ಮೇಲೆ. ಹದಿನಾಲ್ಕು–ಹದಿಮೂರು.
ನಮ್ಮ ದೂಮಣ್ಣ ಹೊಡೆದ ಚೆಂಡು ಮರ ದಾಟಿತು, ದಡ ದಾಟಿತು,
ಇಳಿತದ ನೀರು ಅದನ್ನು ಅಳಿವೆಬಾಗಿಲಿಗೆ ಕರಕೊಂಡು ಹೋಯಿತು.
ಒಳಗೋ ಹೊರಗೋ ಎಂಬ ಜಗಳ ಕತ್ತಲಾದರೂ ಮುಗಿಯಲಿಲ್ಲ.
ಸರಿ, ಪುನಃ ನಾವೇ ಸರ್ವ್ ಮಾಡುವುದು,
ಬರುವ ಆದಿತ್ಯವಾರ, ಹೊಸ ಚೆಂಡಿನಲ್ಲಿ, ಎಂದಾಯಿತು.

ಬುಧವಾರ ಮೊದಲ ಸಾಲಿನ ಮರ ಬಿತ್ತು.
ಶುಕ್ರವಾರ ಗೆರೆ ಹೋಯಿತು, ನಾವೇ ಸುಣ್ಣದಲ್ಲಿ ಎಳೆದ ಗೆರೆ.
ಆದಿತ್ಯವಾರ ಉಪ್ಪಳದವರು ಬಂದರು, ಹೊಸ ಚೆಂಡಿನ ಜೊತೆ.
ಎಲ್ಲಿ ಇಳಿಯುವುದು ಎಂದು ಅಲ್ಲೇ ತೇಲಿಕೊಂಡು ಕೇಳಿದರು.
ಯಾರೂ ಬಾಯಿ ತೆರೆಯಲಿಲ್ಲ.

ಪಂಚಾಯತಿನವರು ಎರಡು ಸಲ ಬಂದು ನಾಲ್ಕನ್ನು ಅಳಿಸಿ ಎಂದರು.
ಅಳಿಸಿದರೆ ಐದು ನಾಲ್ಕಾಗುತ್ತದೆ, ಆರು ಐದು.
ಹೀಗೇ ಕರಗುತ್ತಾ ಹೋದರೆ ಬಾವಿಗೆ ನಂಬರು ಉಳಿದೀತೇ?
ಬೋರ್ಡನ್ನೇ ಮೂರು ಸಲ ಹಿಂದಕ್ಕೆ ನೆಟ್ಟಿದ್ದೇವೆ,
ಅಕ್ಷರಕ್ಕೆ ಕೈ ಹಚ್ಚಲಿಲ್ಲ.

ಐದು, ಹಗ್ಗದಲ್ಲಿ ಬೆಳೆಯುವ ಕಲ್ಲುಮ್ಮಕಾಯಿ, ಮುಟ್ಟಬೇಡಿ, ಕೊಯ್ಯುತ್ತದೆ.
ಆರು, ವ್ಯೂ ಪಾಯಿಂಟು: ನೀವು ದೋಣಿ ಹತ್ತಿದ ಕಟ್ಟೆ ಅಲ್ಲಿಂದ ಚೆಂದ ಕಾಣುತ್ತದೆ.
ಏಳರಲ್ಲಿ ಸುಲೈಮಾನಿ, ಬಿಸಿ ಕಲ್ತಪ್ಪ. ಹಣ ನಿಮ್ಮದೇ.

ಎಂತ ಮಗು? ಚೆಂಡೋ?
ಅದು ಲಕ್ಷದ್ವೀಪ ಮುಟ್ಟಿರಬಹುದು.
ಅಲ್ಲಿಯೂ ಬೋರ್ಡು ಇದ್ದೀತು, ನೋಡತಕ್ಕ ಜಾಗ ಇಷ್ಟಿಷ್ಟು ಎಂದು.
ದೊಡ್ಡವನಾಗಿ ಹೋದರೆ ದಡದಲ್ಲಿ ಒಮ್ಮೆ ಹುಡುಕು,
ಸಿಕ್ಕಿದವರ ಹತ್ತಿರ ಹೇಳು:
ಹದಿನಾಲ್ಕು–ಹದಿಮೂರು. ಸರ್ವ್ ನಮ್ಮದು.