ಅಳತೆ

ಮೂವತ್ತನಾಲ್ಕು ನಿಂಬೆ, ತಲೆಗೆರಡರಂತೆ.
ಅಂಗೈಯಡಿ ಇಟ್ಟು ಕಟ್ಟೆಯ ಮೇಲೆ ಒತ್ತಿ ಉರುಳಿಸಿದರೆ
ಒಳಗೆ ಹುಳಿ ಸಡಿಲಾಗುವುದು ಕೈಗೇ ತಿಳಿಯುತ್ತದೆ.
ಎಲ್ ಪಾಸೊದ ಆಗಸ್ಟು. ಸೂರಿನ ಮೇಲಿನ ಕೂಲರು
ಒದ್ದೆ ಹುಲ್ಲಿನ ವಾಸನೆ ಊದುತ್ತ ಕೆಮ್ಮುತ್ತಿದೆ.
ಸಂಜೆ ಏಳಕ್ಕೆ ಬರುವವರು ಹದಿನಾಲ್ಕು ಹೆಂಗಸರು.
ಹೋದ ವರ್ಷ ಹದಿನೇಳು.
ಅಂಗಡಿಯಲ್ಲಿ ಕೈ ಹಳೆಯ ಲೆಕ್ಕವನ್ನೇ ಹಿಡಿದಿತ್ತು.

ಜಗ್ಗು ಹೊಳೆಯಾಚೆ ಹುವಾರೆಸ್ ಪೇಟೆಯದು.
ಹಸಿರು ಗಾಜು. ಊದಿದವನ ಉಸಿರು ಒಳಗೇ
ಗುಳ್ಳೆಗುಳ್ಳೆಯಾಗಿ ನಿಂತುಬಿಟ್ಟಿದೆ.
ಹಿಡಿಯಲ್ಲಿ ಬಿರುಕು; ಎತ್ತುವಾಗ
ತಳಕ್ಕೊಂದು ಕೈ ಕೊಡಬೇಕು, ಕೂಸಿಗೆ ಕೊಟ್ಟಂತೆ.

ಮೂರು ಪಾಲು ಟಕೀಲಾ, ಎರಡು ಪಾಲು ಕಿತ್ತಳೆಯ ಮದ್ಯ,
ಎರಡು ಪಾಲು ನಿಂಬೆರಸ.
ನಾಲಗೆಯಿಂದ ಕಲಿತದ್ದು ಇದು;
ಈಗ ಬರೀ ಅಳತೆಯಿಂದ ಮಾಡುತ್ತೇನೆ.
ಹನ್ನೊಂದು ವರ್ಷವಾಯಿತು ತುಟಿಗೆ ಸೋಕಿಸಿ.
ಆ ಹಳೆಯ ನಾಲಗೆ ಎಲ್ಲಿಗೂ ಹೋಗಿಲ್ಲ,
ಬಾಟಲಿಯ ಮುಚ್ಚಳ ತಿರುವಿದ ಸದ್ದಿಗೇ
ಕಟ್ಟಿಹಾಕಿದ ನಾಯಿಯ ಹಾಗೆ ಎದ್ದು ನಿಲ್ಲುತ್ತದೆ.
ಕೂತ್ಕೋ, ಅನ್ನುತ್ತೇನೆ. ಕೂರುತ್ತದೆ.
ಕೆಲವು ದಿನ ಎರಡು ಸಲ ಹೇಳಬೇಕು.

ಇಪ್ಪತ್ತಮೂರು ವರ್ಷ ಜೀನ್ಸ್ ಹೊಲಿದವಳು ನಾನು:
ಎಡ ಹಿಂಜೇಬು, ಎಡ ಹಿಂಜೇಬು, ಎಡ ಹಿಂಜೇಬು.
ಬಲದ್ದು ಸೊಕೊರೊಳದು.
ಇಬ್ಬರ ನಡುವೆ ಹತ್ತಡಿ ದೂರ, ಮಾತಿಗೆ ಬಿಡುವಿಲ್ಲ;
ಆದರೂ ಒಂದೇ ಪ್ಯಾಂಟಿನ ಮೇಲೆ
ದಿನಕ್ಕೆ ಒಂಬೈನೂರು ಸಲ ಭೇಟಿಯಾಗುತ್ತಿದ್ದೆವು.
ಹೊಲಿಗೆ ಕೂದಲೆಳೆ ಜಾರಿದರೆ ಬೆರಳೇ ಹೇಳುತ್ತಿತ್ತು,
ಕಣ್ಣು ಬೇಕಿರಲಿಲ್ಲ.
ಕಾರ್ಖಾನೆ ಮೊದಲು ಹೊಳೆ ದಾಟಿತು, ಆಮೇಲೆ ಸಮುದ್ರ.
ಬೀಗ ಜಡಿದ ದಿನ ಸೂಪರ್‌ವೈಸರ್
ಕಾಣಿಕೆಯೆಂದು ಒಬ್ಬೊಬ್ಬರಿಗೂ ಒಂದು ಕತ್ತರಿ ಕೊಟ್ಟ.
ನಮ್ಮವೇ ಕತ್ತರಿಗಳು.
ಪ್ರತಿ ವರ್ಷ ಆ ತಾರೀಖಿಗೆ ಸೇರುತ್ತೇವೆ,
ಸೂತಕವೋ ಸಡಗರವೋ ಈವರೆಗೆ ಯಾರೂ ಕೇಳಿಲ್ಲ.

ತಟ್ಟೆಯಲ್ಲಿ ಹರಳುಪ್ಪು. ಲೋಟದ ಅಂಚಿಗೆ ನಿಂಬೆ ಸವರಿ
ಬೋರಲು ಹಾಕಿ ಅರ್ಧ ಸುತ್ತು ತಿರುಗಿಸುತ್ತೇನೆ.
ಮಿನೆರ್ವಾಳ ಲೋಟ ಪೂರ್ತಿ ಬೋಳು,
ಅವಳಿಗೆ ಬಿಪಿ. ಬೈದುಕೊಂಡೇ ಕುಡಿಯುತ್ತಾಳೆ.

“ರುಚಿ ನೋಡದೆ ಹೆಂಗೆ ಗೊತ್ತಾಗುತ್ತೆ ಅಜ್ಜಿ?”
ಮೊಮ್ಮಗಳು ಯಾರೆಲಿ, ಫ್ರಿಜ್ಜಿಗೆ ಒರಗಿ
ಐಸು ಕಟಕಟ ಅಗಿಯುತ್ತಿದ್ದಾಳೆ. ಹದಿನಾರು ಅವಳಿಗೆ.
“ಕೈಯಳತೆ ಕಣೇ,” ಅಂದೆ.
ಅದು ಅರ್ಧ ನಿಜ.
ಹಸಿರು ಗಾಜಿನೊಳಗೆ ಅದು ತೆಳ್ಳಗೆ ಮೋಡ ಕಟ್ಟಬೇಕು
ಅಕ್ಕಿ ತೊಳೆದ ನೀರಿನಂತೆ;
ಮರದ ಸೌಟು ತಿರುವಿದರೆ ಸದ್ದು ಮಂದವಾಗಬೇಕು;
ಮೂಗಿಗೆ ಮೊದಲು ನಿಂಬೆ,
ಅದರ ಹಿಂದೆ ಬೆಂದ ಕತ್ತಾಳೆಯ ಗಡ್ಡೆ,
ಅದಕ್ಕೂ ಹಿಂದೆ, ಸ್ವಲ್ಪ ತಡೆದರೆ,
ಎಲ್ಲ ಮಕ್ಕಳೂ ಹೋದ ಮೇಲೆ
ದೀಪ ಹತ್ತಿದ ಶಾಲೆಯ ಗೇಟಿಗೆ ಆತು ನಿಂತ
ಐದು ವರ್ಷದ ಹುಡುಗಿಯೊಬ್ಬಳು,
ಬೂಟು ಅದಲುಬದಲು,
ಅಜ್ಜಿಯ ಕಾರು ಈಗ ಬಂತು, ಈಗ ಬಂತು ಅಂತ.
ಅವಳು ಬಂದು ನಿಂತರೆ
ಪಾಕ ಸರಿಯಾಯಿತು ಎಂದು ಲೆಕ್ಕ.

ನೆನಪಿದೆಯೋ ಇವಳಿಗೆ, ಇಲ್ಲವೋ.
ಕೇಳಲು ಬಾಯಿ ತೆರೆದೆ, “ಐಸು ಉಳಿಸೇ” ಅಂದೆ.

ಹೊರಗೆ ಕಾರಿನ ಬಾಗಿಲುಗಳು ಒಂದೊಂದಾಗಿ ಬಡಿದುಕೊಂಡವು.
ಹಿಪ್ಪುನೇರಳೆ ಮರದಡಿ ಮಡಚು ಕುರ್ಚಿಗಳು ಕಿರುಗುಟ್ಟಿದವು,
ಯಾರದೋ ಮಂಡಿಚಿಪ್ಪಿನ ಸುದ್ದಿ, ಯಾರಿಗೋ ನಗು.
ಯಾರೆಲಿ ಜಗ್ಗು ಎತ್ತಿಕೊಂಡಳು,
ನಾನು ಹೇಳುವ ಮೊದಲೇ
ಒಂದು ಕೈ ತಳಕ್ಕೆ ಕೊಟ್ಟು.

ಸೊಕೊರೊ ಲೋಟವನ್ನು ಬೆಳಕಿಗೆ ಹಿಡಿದು,
ಹೊಲಿಗೆ ಪರೀಕ್ಷಿಸುವವಳಂತೆ ಒಂದು ಕಣ್ಣು ಕಿರಿದು ಮಾಡಿ,
ಗುಟುಕರಿಸಿ,
“ಹುಳಿ ಜಾಸ್ತಿ ಎರ್ಲಿಂದಾ, ಈ ಸಲವೂ,” ಅಂದಳು.
ಅಂದು, ಲೋಟ ಮತ್ತೆ ಮುಂದೆ ಚಾಚಿದಳು.