ಮನೆಗೆ ಬೀಗ

ದೋಣಿ ಹತ್ತಿ ಬೆಂಗ್ರೆಗೆ ದಾಟಿದ್ದೆ, ಫೈಲು ಕಂಕುಳಲ್ಲಿ.
ನಿಶ್ಮಿತಾ ತಿಂಗಳಾಯ, ಮೆಲ್ಬೋರ್ನಿನಲ್ಲಿ ಓದು ಮುಗಿಸಿದ್ದಾಳಂತೆ,
ಅಲ್ಲೇ ಎರಡು ವರ್ಷ ದುಡಿಯಲು ಇನ್ನೊಂದು ವೀಸಾ ಬೇಕಂತೆ,
ಅದಕ್ಕೆ ಬಂದರಿನ ಹೆಡ್ ಕಾನ್‌ಸ್ಟೇಬಲ್ ನಾನು
ಅವಳ ಮೇಲೆ ಏನೂ ಇಲ್ಲವೆಂದು ಬರೆಯಬೇಕು.

ಅಂಗಳದಲ್ಲಿ ಒಣಮೀನು, ಕಾಯಲು ಒಂದು ನಾಯಿ.
ಹನ್ನೊಂದರ ಬಿಸಿಲು. ಹೊಯಿಗೆ ಬೂಟಿನೊಳಗೆ.
‘ಮನೆಗೆ ಬೀಗ’ ಎಂದು ಗೀಚಿದೆ,
ಎರಡೇ ಪದ.

ಆಮೇಲೆ ಬಂದೋಬಸ್ತು, ಮಂತ್ರಿಗಳ ಭೇಟಿ, ನನ್ನ ಜ್ವರ.
ಫೈಲು ಮೇಜಿನ ಎಡದಿಂದ ಬಲಕ್ಕೆ ಸರಿಯಲು ಹದಿನೇಳು ದಿನ.
ಗಡುವು ಕಳೆದು ಎರಡನೇ ದಿನ ತಲುಪಿದ ಕಾಗದ
ಅಲ್ಲಿ ಕಾಗದವೇ ಅಲ್ಲವಂತೆ.

ಈಗ ಮೇಲ್ಮನವಿ.
ಯಾವತ್ತು ಹೋದಿರಿ, ಯಾಕೆ ತಡವಾಯಿತು,
ಬರೆದುಕೊಡಿ ಎಂದಿದ್ದಾರೆ ಅಲ್ಲಿಯ ವಕೀಲರು.
ತಾಯಿ ಗುಲಾಬಿಯಕ್ಕ ಬೆಂಚಿನ ತುದಿಯಲ್ಲಿ,
ಖಾಲಿ ಬುಟ್ಟಿ ಠಾಣೆಯ ಹೊರಗೆ, ಬೋಗನ್‌ವಿಲ್ಲಾದ ಬುಡದಲ್ಲಿ.
‘ನಾಲ್ಕಕ್ಕೇ ದಕ್ಕೆಗೆ ಹೋಗುವುದು ಮಾರಾಯ್ರೆ,
ನೀವು ಬರ್ತೀರಿ ಅಂತ ಬಂಗುಡೆ ಕಾಯ್ತದಾ?’

ಬುಟ್ಟಿಗೆ ಸುತ್ತಿದ ನೀಲಿ ಬಲೆಯ ತುಂಡು ನೋಡಿದೆ.
ಅವತ್ತು ಬೆಂಗ್ರೆ ಜೆಟ್ಟಿಯಲ್ಲಿ ನಾನು ಹತ್ತುವಾಗ ಇಳಿದವರು.
ಮೀನಿನ ನೀರು ಪ್ಯಾಂಟಿಗೆ ಸಿಡಿದು ಗದರಿದ್ದೆ.
‘ತಪ್ಪಾಯ್ತು ಸಾರ್’ ಅಂದಿದ್ದರು.
ಹೆಸರು ಕೇಳಿರಲಿಲ್ಲ.

ಅವರಿಗೆ ನೆನಪಿದೆಯೋ ಇಲ್ಲವೋ.
ನಾನು ಹಾಳೆ ತೆಗೆದು ಬರೆಯತೊಡಗಿದೆ:
‘ಸದರಿ ದಿನ ನಾನು ಖುದ್ದಾಗಿ ಸ್ಥಳಕ್ಕೆ ಭೇಟಿ ನೀಡಿ’
ಅಲ್ಲಿಗೆ ಪೆನ್ನು ನಿಂತಿತು.

ಗುಲಾಬಿಯಕ್ಕ ಬಗ್ಗಿ ನೋಡಿ ಮೆಲ್ಲಗೆ:
‘ಇಂಗ್ಲಿಷಲ್ಲೇ ಬೇಕಂತೆ ಸಾರ್.
ನಿಮಗೆ ಬರ್ತದಲ್ಲ?’