ಗೂಡು

ಅವರ ಹೆಸರು ಅರ್ಮಾಂ ಮತ್ತೆ.
ನಮ್ಮಲ್ಲಿ ಆ ಮಾತಿಗೆ ಬೇರೆ ಅರ್ಥವಿದೆ, ಅವರಿಗದು ಗೊತ್ತಿಲ್ಲ.
ಜೂರಾ ಬೆಟ್ಟಗಳ ಸಂದಿ, ಕೂವೆ ಎಂಬ ಊರು,
ಹಸು ಮಾರಿದ ಮೇಲೆ ಬರಿದಾದ ಕೊಟ್ಟಿಗೆ.
ಗೋದಲಿಯಲ್ಲೀಗ ನಾಲ್ಕು ಸೀಸಿಯಂ ಗಡಿಯಾರ,
ಒಂದು ರುಬಿಡಿಯಂ,
ಬೀರುವಿನಷ್ಟು ಎತ್ತರದ ಕಂಪ್ಯೂಟರು,
ಅದರ ಟೇಪುಗಳು ಬಿಸ್ಕತ್ತಿನ ಡಬ್ಬಗಳಲ್ಲಿ.

ಪ್ರಯೋಗಶಾಲೆ ಮುಚ್ಚಿದ ವರ್ಷ
ಎಲ್ಲ ತೂಕಕ್ಕೆ ಹಾಕುತ್ತೇವೆ ಅಂದಿದ್ದರಂತೆ.
ತಮ್ಮನ ಟ್ರ್ಯಾಕ್ಟರಿನಲ್ಲಿ ಹುಲ್ಲು ಹೊದಿಸಿ
ಎಳಗರುವನ್ನು ತರುವ ಹಾಗೆ ತಂದರು,
ಮೂವತ್ತು ಕಿಲೋಮೀಟರಿಗೆ ಮೂರು ಗಂಟೆ.
ಈಗ ಎಂಬತ್ತೊಂದು. ಕೈ ನಡುಗುವುದಕ್ಕೆ
ವೈದ್ಯರು ಒಂದು ಹೆಸರು ಕೊಟ್ಟಿದ್ದಾರೆ.

ಮುಳ್ಳಿಲ್ಲದ ಗಡಿಯಾರ ಇವು.
ಸೆಕೆಂಡಿಗೆ ಒಂಬೈನೂರ ಹತ್ತೊಂಬತ್ತು ಕೋಟಿ
ಇಪ್ಪತ್ತಾರು ಲಕ್ಷ ಮೂವತ್ತೊಂದು ಸಾವಿರದ
ಏಳುನೂರ ಎಪ್ಪತ್ತು ಮಿಡಿತ;
ಇಷ್ಟು ಹೇಳಿ ಮುಗಿಸುವಷ್ಟರಲ್ಲಿ
ಏಳೆಂಟು ಸೆಕೆಂಡು ಕೈಬಿಟ್ಟಿರುತ್ತದೆ.
ಓಡಿಸಿದರೆ ಕೊಳವೆಯ ಸೀಸಿಯಂ ಸವೆಯುತ್ತದೆ,
ಓಡಿಸದೆ ಇಟ್ಟರೆ ನಿರ್ವಾತ ಕೆಡುತ್ತದೆ.
ಆರು ತಿಂಗಳಿಗೊಂದು ರಾತ್ರಿ
ಪಂಪಿಗೆ ಕರೆಂಟು ಕೊಟ್ಟು ಎಚ್ಚರಿಸಿ
ಮತ್ತೆ ಮಲಗಿಸಬೇಕು.
ಇದನ್ನು ಯಾರ ಕೈಗೆ ಕೊಡುವುದು?

ಹೆಣ್ಣು ನೋಡಲು ಬಂದಂತೆ ಬಂದರು ಜನ.
ಬೀಲ್ ಪಟ್ಟಣದ ಗುಜರಿಯವ ಮುಚ್ಚಳ ತೆಗೆದು
ತಾಮ್ರವನ್ನಷ್ಟೇ ನೋಡಿದ.
ಮ್ಯೂಸಿಯಮ್ಮಿನಾಕೆ ಬಿಳಿ ಕೈಗವಸು ತೊಟ್ಟು
"ಇಂಥವು ನಮ್ಮಲ್ಲಿ ಎರಡಿವೆ" ಅಂದಳು.
"ಎರಡಿದ್ದರೇ ಕಷ್ಟ, ಮೇಡಂ.
ತಪ್ಪು ಯಾವುದೆಂದು ಹೇಳಲು ಮೂರನೆಯದು ಬೇಕು."
ಆಕೆ ನಕ್ಕು, ಬರೆದುಕೊಳ್ಳದೆ ಹೋದಳು.

ಚೀಸ್ ಮಾಗಿಸುವ ಗ್ರಾಂಜಾಂ ನೆಲಮಾಳಿಗೆ ತೋರಿಸಿದ:
ಬೇಸಿಗೆಯೋ ಚಳಿಯೋ ಹತ್ತೇ ಡಿಗ್ರಿ,
ಅಣುವಿಗೂ ಹಾಲಿಗೂ ಒಪ್ಪುವ ತಂಪು.
ಆದರೆ ಗೋಡೆ ಬೆವರುತ್ತಿತ್ತು. ಬೇಡವೆಂದರು.
ಅರ್ಧ ಚಕ್ರ ಚೀಸ್ ಹೊತ್ತು ಮನೆಗೆ ಬಂದರು.

ರುಬಿಡಿಯಂ ಫ್ಲೂರಿಯೆಯ ಶಾಲೆಗೆ.
ಎರಡು ಸೀಸಿಯಂ ಗಡಿ ದಾಟಿ ಬೆಜಾಂಸೋನಿಗೆ;
ಸುಂಕದವರ ಹಾಳೆಯಲ್ಲಿ "ಬೆಲೆ" ಎಂಬಲ್ಲಿ
"ಗೊತ್ತಿಲ್ಲ" ಎಂದು ಬರೆದಿದ್ದರು,
ಅಧಿಕಾರಿ ತಾನೇ ನೂರು ಫ್ರಾಂಕ್ ಮಾಡಿದ.
ಮೂರನೆಯದರ ಕೊಳವೆ ಸತ್ತಿತ್ತು.
ಅದರ ವಿಷಯ ಅವರು ಮಾತಾಡುವುದಿಲ್ಲ.

ಕಂಪ್ಯೂಟರಿಗೆ ಲೋಜಾನಿನಿಂದ ಅನೂಕ್ ಬಂದಳು,
ಐವರು ಗೆಳೆಯರು, ಹಗ್ಗ, ಒಂದು ಹಳೆ ಹಾಸಿಗೆ.
ಹಿಂಬದಿಯ ತಗಡು ಬಿಚ್ಚಿದಾಗ
ಪಂಚ್ ಟೇಪಿನ ಚೂರುಗಳಲ್ಲಿ ಕಟ್ಟಿದ ಇಲಿಗೂಡು.
ಯಾವ ಲೆಕ್ಕವೋ, ಯಾವ ರಾತ್ರಿಯ ದತ್ತಾಂಶವೋ,
ಮರಿಗಳಿಗೆ ಬೆಚ್ಚಗಿತ್ತು.
ಅನೂಕ್ ಅದನ್ನು ಟೋಪಿಯಲ್ಲಿ ಎತ್ತಿ
ಹುಲ್ಲಿನಟ್ಟಕ್ಕೆ ಒಯ್ದಳು. ಆಗಲೇ ಅವರಿಗೆ ನಂಬಿಕೆ ಬಂದದ್ದು.

ಉಳಿದದ್ದು ಒಂದು.
ಪಕ್ಕದ ಮನೆಯ ಎಡ್ಮೆ ಬಾರ್ಬೆಜಾ
ಮೊಟ್ಟೆ ಕೊಡಲು ಬಂದವರು ಕೇಳಿದರು:
"ನನ್ನ ಬೀರುವಿನ ಹಿಂದೆ ಜಾಗವಿದೆ, ನೋಡುತ್ತೀರಾ?"

ಅವರ ತಾಯಿ, ತಾಯಿಯ ತಾಯಿ
ಆಬ್ಸಿಂತ್ ಇಳಿಸುತ್ತಿದ್ದ ಭಟ್ಟಿಯ ಗೂಡು ಅದು.
ಕಾನೂನು ಕಣ್ಣು ಕೆಂಪಗೆ ಮಾಡಿದ್ದ ಕಾಲವೆಲ್ಲ
ಬಟ್ಟೆಗಳ ಹಿಂದೆ ಬಚ್ಚಿಟ್ಟು ಕಾದದ್ದು.
ಈಗ ಅಂಗಡಿಯಲ್ಲೇ ಮಾರುತ್ತಾರೆ,
ಗೂಡು ಖಾಲಿ.
ಮತ್ತೆ ಕೈ ಒಳಗಿಟ್ಟು ನೋಡಿದರು: ಒಣ ಕಲ್ಲು,
ಸೋಂಪಿನ ವಾಸನೆ ಇನ್ನೂ ಹೋಗಿಲ್ಲ.

"ಇದು ಏನು ಮಾಡುತ್ತದೆ" ಎಂದು ಎಡ್ಮೆ ಕೇಳಲಿಲ್ಲ.
"ಇದಕ್ಕೆ ಏನು ಕೊಡಬೇಕು" ಎಂದರು.
ವರ್ಷಕ್ಕೆರಡು ರಾತ್ರಿ ಕರೆಂಟು.
ಬೀರುವಿನ ಬಾಗಿಲ ಒಳಮೈಗೆ
ಅಜ್ಜಿಯ ಪೆನ್ಸಿಲಿನ ಹಳೆಯ ಭಟ್ಟಿ ತಾರೀಖುಗಳು;
ಅವುಗಳ ಕೆಳಗೆ ಬರೆದುಕೊಂಡರು:
ಏಪ್ರಿಲ್, ಅಕ್ಟೋಬರ್.

ಏಪ್ರಿಲ್ಲಿನ ರಾತ್ರಿ ಇಬ್ಬರೂ ಕೂತಿದ್ದರು.
ಕೋಟುಗಳ ನಡುವೆ ಒಂದು ಹಸಿರು ದೀಪ ಹತ್ತಿತು.
ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು
ಮತ್ತೆ ಅಡುಗೆಮನೆಯ ಗಡಿಯಾರ ನೋಡಿದರು:
ನಾಲ್ಕು ನಿಮಿಷ ಮುಂದಿದೆ.
ಕುರ್ಚಿ ಎಳೆದು ಹತ್ತಲು ಹೊರಟರು, ತಿದ್ದಲು.

"ಬಿಡಿ, ಅರ್ಮಾಂ," ಎಂದರು ಎಡ್ಮೆ,
"ಅದು ಬಸ್ಸಿಗೆ."